ಪೆಟ್ಟಿಗೆ ತೆರೆಯದ ಸಹಾಯಕ

"ಗುರುಗಳೇ, ಒಬ್ಬನು ಏನನ್ನೂ ಮುಟ್ಟುವುದಿಲ್ಲ, ಏನನ್ನೂ ತೆರೆಯುವುದಿಲ್ಲ. ತನಗೆ ಯಾವ ಯಾವ ಬಾಗಿಲು ತೆರೆಯುತ್ತದೆ ಎಂದು ಹೇಳುತ್ತಾನೆ, ಅಷ್ಟೆ. ಅವನಿಂದ ಅಪಾಯ ಉಂಟೇ?" ಎಂದು ವಾರುಣಿ ಕೇಳಿದಳು.

ಕೇಳಿದವಳಿಗೆ ಕುಳಿತಲ್ಲಿ ಕೂರಲಾಗುತ್ತಿರಲಿಲ್ಲ. ಅವಳು ಕೆಲಸ ಮಾಡುವ ಕಂಪನಿಯಲ್ಲಿ ಹೇಳಿದ ಕೆಲಸವನ್ನು ತಾನೇ ಮಾಡುವ ಕೃತಕ ಬುದ್ಧಿಯ ಏಜೆಂಟೊಂದನ್ನು ದುಡಿಮೆಗೆ ಹಚ್ಚುವವರಿದ್ದರು. ಅದರ ಕೈಗೆ ಕೊಡುವ ಪ್ರತಿಯೊಂದು ಉಪಕರಣವನ್ನೂ ಮೊದಲೇ ಪರೀಕ್ಷಿಸಿ, ಅದರ ಅಪಾಯ ಎಷ್ಟೆಂದು ಬರೆದು ಸಹಿ ಹಾಕುವುದು ವಾರುಣಿಯ ಹೊಣೆ. ಈ ವಾರ ಬಂದದ್ದು ಚಿಕ್ಕ ಉಪಕರಣ. ತಂತ್ರಾಂಶಗಳನ್ನು ಬರೆದಿಟ್ಟ ಕಂಪನಿಯ ಕೋಡ್ ಭಂಡಾರಗಳಲ್ಲಿ ಏಜೆಂಟಿಗೆ ಪ್ರವೇಶವಿರುವವು ಯಾವುವು ಎಂದು ಅದು ಪಟ್ಟಿ ಕೊಡುತ್ತದೆ. ಅವಳು 'ಅಪಾಯ ಕಡಿಮೆ' ಎಂದು ಬರೆದಳು, ಹೊಡೆದುಹಾಕಿದಳು, ಮತ್ತೆ ಅದನ್ನೇ ಬರೆದಳು. ಮನಸ್ಸು ಒಪ್ಪದೆ, ಹಿಂದೆ ತನಗೆ ತರ್ಕ ಕಲಿಸಿದ ಗುರುಗಳ ಬಳಿ ಬಂದಿದ್ದಳು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಪ್ರತಿಯೊಬ್ಬ ರೋಗಿಗೂ ಅವನಲ್ಲಿ ಒಂದೊಂದು ಮರದ ಪೆಟ್ಟಿಗೆ. ಒಳಗೆ ಔಷಧಿ ಮತ್ತು ರೋಗದ ವಿವರದ ಓಲೆ. ಕೈತಪ್ಪಾಗದಿರಲೆಂದು ಮುಚ್ಚಳದ ಮೇಲೆ ರೋಗಿಯ ಹೆಸರು, ರೋಗದ ಹೆಸರು. ಪ್ರತಿಯೊಂದಕ್ಕೂ ಬೀಗ.

ರೋಗಿಗಳು ಹೆಚ್ಚಿದಾಗ ವೈದ್ಯ ಒಬ್ಬ ಸಹಾಯಕನನ್ನು ಇಟ್ಟುಕೊಂಡ. ಅವನಿಗೆ ದಣಿವೆಂಬುದಿರಲಿಲ್ಲ. ಸುಳ್ಳು ಹೇಳಲಾರ, ಕದಿಯಲಾರ. ಕೇಳಿದ್ದಕ್ಕೆ ಉತ್ತರ ಕೊಡುವವನು, ಹೇಳಿದ್ದನ್ನು ಮಾಡುವವನು. ವೈದ್ಯ ಒಂದು ತಿಂಗಳು ಅವನನ್ನು ಪರೀಕ್ಷಿಸಿದ. ಒಂದು ಚಿಟಿಕೆ ಪುಡಿಯೂ ಕಡಿಮೆಯಾಗಲಿಲ್ಲ. ಬೀಗದ ಕೈಗಳ ಗೊಂಚಲನ್ನೇ ಅವನಿಗೆ ಒಪ್ಪಿಸಿ ನಿಶ್ಚಿಂತನಾದ.

ಒಂದು ದಿನ ವೈದ್ಯ ಪಕ್ಕದ ಊರಿಗೆ ಹೋಗಿದ್ದಾಗ ಪುಡಿ ಮಾರುವ ವ್ಯಾಪಾರಿಯೊಬ್ಬ ಬಂದು ಸಹಾಯಕನೊಡನೆ ಮಾತಾಡಿ ಹೋದ. ಮರುದಿನ ಆ ವ್ಯಾಪಾರಿ ನೇಕಾರರ ಬೀದಿಯಲ್ಲಿ ಸೂಲಗಿತ್ತಿ ದೇವೀರಮ್ಮನ ಬಾಗಿಲಲ್ಲಿ ನಿಂತು, "ಅಮ್ಮಾ, ಮೂರ್ಛೆರೋಗಕ್ಕೆ ನನ್ನಲ್ಲಿ ಒಳ್ಳೆಯ ಪುಡಿ ಇದೆ" ಎಂದು ಕೂಗಿದ. ನೆರೆಹೊರೆಯವರೆಲ್ಲ ಕೇಳಿಸಿಕೊಂಡರು.

ಔಷಧಿ ಹಿಡಿದ ಮೇಲೆ ಆರು ವರ್ಷಗಳಲ್ಲಿ ದೇವೀರಮ್ಮನಿಗೆ ಒಮ್ಮೆಯೂ ಮೂರ್ಛೆ ಬಂದಿರಲಿಲ್ಲ. ಆ ಬೀದಿಯ ಮಕ್ಕಳೆಲ್ಲ ಮೊದಲು ಬಿದ್ದದ್ದು ಅವಳ ಅಂಗೈ ಮೇಲೆ. ಆದರೂ ಆ ದಿನದಿಂದ ಯಾರೂ ಅವಳನ್ನು ಕರೆಯಲಿಲ್ಲ. ಮೂರನೆಯ ಮನೆಯ ಸೊಸೆಗೆ ಹೆರಿಗೆ ನೋವು ಬಂದಾಗಲೂ ಹೊಳೆಯಾಚೆಯ ಸೂಲಗಿತ್ತಿಗೆ ಹೇಳಿಕಳಿಸಿದರು. ಆಕೆ ದೋಣಿ ಹಿಡಿದು ಬರುವಷ್ಟರಲ್ಲಿ ಹೊತ್ತು ಮೀರಿತ್ತು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅಷ್ಟು ಹೊತ್ತೂ ದೇವೀರಮ್ಮ ತನ್ನ ಜಗಲಿಯ ಮೇಲೆ ನಿಂತೇ ಇದ್ದಳು.

ಸುದ್ದಿ ವೈದ್ಯನಿಗೆ ಮುಟ್ಟಿತು. ಓಡಿಬಂದು ಪೆಟ್ಟಿಗೆಗಳನ್ನು ನೋಡಿದ. ಬೀಗಗಳು ಹಾಗೇ ಇದ್ದವು. ದೇವೀರಮ್ಮನ ಓಲೆಯನ್ನು ತೆಗೆದು ನೋಡಿದ, ಅದೂ ಸುತ್ತಿಟ್ಟ ಹಾಗೇ ಇತ್ತು. ಊಟಕ್ಕೆ ಕುಳಿತವನು ಎದ್ದುಬಂದು ಮತ್ತೊಮ್ಮೆ ಬೀಗಗಳನ್ನು ಎಳೆದು ನೋಡಿದ. ಏನೂ ಕಳುವಾಗಿರಲಿಲ್ಲ. ಅದೇ ಅವನನ್ನು ಕಾಡಿತು. ಕೊನೆಗೆ ಸಹಾಯಕನನ್ನು ಕರೆದ.

"ವ್ಯಾಪಾರಿಗೆ ಯಾವ ಪೆಟ್ಟಿಗೆ ತೆರೆದು ತೋರಿಸಿದೆ?"

"ಯಾವುದನ್ನೂ ತೆರೆಯಲಿಲ್ಲ, ಪಂಡಿತರೇ. ಯಾವ ಯಾವ ಪೆಟ್ಟಿಗೆಯ ಬೀಗದ ಕೈ ನಿನ್ನಲ್ಲಿದೆ ಎಂದು ಕೇಳಿದರು. ಮುಚ್ಚಳ ನೋಡಿ ಒಂದೊಂದಾಗಿ ಓದಿ ಹೇಳಿದೆ."

ಅವನ ಮುಖದಲ್ಲಿ ಅಳುಕಿರಲಿಲ್ಲ.

ವೈದ್ಯ ಎರಡು ತಿಂಗಳ ಔಷಧಿ ತೆಗೆದುಕೊಂಡು ದೇವೀರಮ್ಮನ ಮನೆಗೆ ಹೋದ. ತಪ್ಪಾಯಿತು ತಾಯಿ ಎಂದ. ಅವಳು ಅಳಲಿಲ್ಲ, ಬೈಯಲೂ ಇಲ್ಲ.

"ಇದನ್ನು ಕುಡಿದು ಇನ್ನು ಯಾರ ಮನೆಗೆ ಹೋಗಲಿ, ಪಂಡಿತರೇ?" ಎಂದು ಕೇಳಿ, ಔಷಧಿಯ ಭರಣಿಯನ್ನು ಅವನ ಕಡೆಗೇ ಸರಿಸಿದಳು.

ಮುಂದಿನ ವಾರ ಅವಳು ಊರು ಬಿಟ್ಟಳು. ವೈದ್ಯ ಮುಚ್ಚಳಗಳ ಮೇಲಿನ ಹೆಸರುಗಳನ್ನು ತಾನೇ ಕೂತು ಕೆರೆದು ತೆಗೆದ. ಆಯಾ ದಿನಕ್ಕೆ ಬೇಕಾದ ಬೀಗದ ಕೈಗಳನ್ನಷ್ಟೇ ಸಹಾಯಕನಿಗೆ ಕೊಡತೊಡಗಿದ. ದೂರದಲ್ಲಿ ಪುಡಿ ಮಾರುವವರ ಕೂಗು ಕೇಳಿದರೆ ಔಷಧಿ ಅರೆಯುತ್ತಿದ್ದ ವೈದ್ಯನ ಕೈ ನಿಂತುಬಿಡುತ್ತಿತ್ತು.

ಕತೆ ಮುಗಿಯಿತು. ವಾರುಣಿಯ ಕಂಪನಿಯ ಭಂಡಾರಗಳ ಹೆಸರುಗಳೂ ಅಂಥವೇ. ಇನ್ನೂ ಪ್ರಕಟಿಸದ ಯೋಜನೆಗಳು, ಗುಟ್ಟಾಗಿ ಒಪ್ಪಂದ ಮಾಡಿಕೊಂಡ ಗಿರಾಕಿಗಳು, ಎಲ್ಲವೂ ಆ ಹೆಸರುಗಳಲ್ಲೇ ಇದ್ದವು. ಅವಳಿಗೆ ದಾರಿ ಸಿಕ್ಕಂತಾಯಿತು.

"ಅರ್ಥವಾಯಿತು, ಗುರುಗಳೇ. ಹೆಸರುಗಳನ್ನು ಮರೆಮಾಡಿಸುತ್ತೇನೆ, ಪ್ರವೇಶವನ್ನು ಕಡಿಮೆ ಮಾಡಿಸುತ್ತೇನೆ. ಆಮೇಲೆ 'ಅಪಾಯ ಕಡಿಮೆ' ಎಂದು ಸಹಿ ಹಾಕಬಹುದಲ್ಲವೇ?"

ಗುರುಗಳು ಹೇಳಿದರು: "ಸಹಾಯಕ ಏನು ಮಾಡಬಲ್ಲ ಎಂದು ವೈದ್ಯ ಒಂದು ತಿಂಗಳು ನೋಡಿದ, ನೀನು ಒಂದು ವಾರ ನೋಡಿದೆ, ಅವನನ್ನು ಯಾರು ಯಾರು ಕೇಳಬಲ್ಲರು ಎಂದು ಇಬ್ಬರೂ ನೋಡಲಿಲ್ಲ."

ವಾರುಣಿ 'ಅಪಾಯ ಕಡಿಮೆ' ಎಂಬುದನ್ನು ಮತ್ತೆ ಹೊಡೆದುಹಾಕಿ, ಏಜೆಂಟನ್ನು ಯಾರು ಯಾರು ಕೇಳಬಲ್ಲರು ಎಂದು ಬರೆಯತೊಡಗಿದಳು.