ಇಪ್ಪತ್ತು ಜನ ಬಡಿಸಿದ ಊಟ

ಹೊಳೆದಂಡೆಯ ಆಶ್ರಮದಲ್ಲಿ ಮುದ್ದಯ್ಯ ಗುರುಗಳು ಬೆಳಿಗ್ಗೆ ಧ್ಯಾನ ಮಾಡುತ್ತಿದ್ದರು, ಮಧ್ಯಾಹ್ನ ಬ್ಯಾಟರಿ ಮಾಡುತ್ತಿದ್ದರು. ಯಾವುದಕ್ಕೆ ಹೆಚ್ಚು ತಾಳ್ಮೆ ಬೇಕು ಅಂತ ಕೇಳಬೇಡಿ, ಅವರಿಗೇ ಗೊತ್ತಿರಲಿಲ್ಲ.

ಶಿಷ್ಯ ಅಮೃತೇಶನ ಪಾಲಿಗೆ ಬಂದದ್ದು ಒಂದು ಪಾಲಿಮರ್ ಹಾಳೆ. ಹಪ್ಪಳಕ್ಕಿಂತ ತೆಳು. ಅದರಲ್ಲಿ ಲಿಥಿಯಂ ಉಪ್ಪು ಕರಗಿಸಿದರೆ ಉಪ್ಪಿನ ಅಯಾನುಗಳು, ಅಂದರೆ ವಿದ್ಯುತ್ತು ಹೊತ್ತ ಕಣಗಳು, ಈ ಬದಿಯಿಂದ ಆ ಬದಿಗೆ ಓಡಾಡಬೇಕು. ಆಗ ಬ್ಯಾಟರಿ ನಡೆಯುತ್ತದೆ, ಫೋನೂ ನಡೆಯುತ್ತದೆ. ಅವನ ಹಾಳೆಯಲ್ಲಿ ಅವು ಈಗ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

ಅಷ್ಟರಲ್ಲಿ ಅವನ ಅಪ್ಪ ಗುರುಗಳಿಗೆ ಕಾಗದ ಬರೆದಿದ್ದ: “ಇವನಿಂದ ಏನೂ ಆಗದಿದ್ದರೆ ಕಳಿಸಿಕೊಡಿ, ಬಟ್ಟೆ ಅಂಗಡಿಯಲ್ಲಿ ಕೂರಿಸುತ್ತೇನೆ.” ಅಮೃತೇಶನಿಗೆ ನಿದ್ದೆ ಹತ್ತುತ್ತಿರಲಿಲ್ಲ.

“ಗುರುಗಳೇ, ಉಪ್ಪು ಹಾಕಿದೆ, ಅಯಾನುಗಳು ಸ್ವಲ್ಪ ಓಡಿದವು. ಇನ್ನೂ ಹಾಕಿದೆ, ಚೆನ್ನಾಗಿ ಓಡಿದವು. ಮತ್ತೂ ಹಾಕಿದೆ, ನಿಂತೇಬಿಟ್ಟವು.”

“ಈಗೇನು ಮಾಡ್ತೀಯ?”

“ಇನ್ನಷ್ಟು ಹಾಕ್ತೀನಿ.”

ಗುರುಗಳು ಅವನ ಕೈಯಿಂದ ಹಾಳೆ ತೆಗೆದು ಪಕ್ಕಕ್ಕಿಟ್ಟರು.

“ನಾಳೆ ಆರಾಧನೆ. ಪಂಕ್ತಿ ಬಡಿಸುವ ಉಸ್ತುವಾರಿ ನಿನ್ನದು.”

ಹಾಳೆ ಬಿಟ್ಟು ಸೌಟು ಹಿಡಿಯುವುದೇ? ಅವನಿಗೆ ಅಳುವೇ ಬಂತು. ಆದರೂ ಹೂಂ ಅಂದ.

ಮರುದಿನ ಅರವತ್ತು ಎಲೆ ಬಿದ್ದವು. ಜನ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ನಾಲ್ವರು ಬಡಿಸಿದಾಗ ನಿಧಾನವಾಯಿತು. ಎಂಟು ಮಂದಿಯನ್ನು ಬಿಟ್ಟ, ಸರಸರ ಸಾಗಿತು. ಭಲೇ ಅಂದುಕೊಂಡು ಇಪ್ಪತ್ತು ಮಂದಿಯನ್ನು ನುಗ್ಗಿಸಿದ. ಬುದ್ಧಿವಂತರು ಎಡವುವುದೇ ಇಂಥಲ್ಲಿ.

ಪಲ್ಯದವನೂ ಕೋಸಂಬರಿಯವನೂ ಎದುರಾಬದುರು ಸಿಕ್ಕಿ, ನೀನು ಪಕ್ಕಕ್ಕೆ ಸರಿ, ನೀನೇ ಸರಿ ಅಂತ ಅಲ್ಲೇ ಅಂಟಿಕೊಂಡರು. ಪಾಯಸ ಒಬ್ಬ ಶಾಸ್ತ್ರಿಗಳ ಬೆನ್ನಿಗೆ ಬಿತ್ತು. ಒಬ್ಬರೂ ಮುಂದಕ್ಕಿಲ್ಲ, ಹಿಂದಕ್ಕಿಲ್ಲ.

ಸಾಲಿನ ಕೊನೆಯಲ್ಲಿ ಗುರುಗಳು ಬರೀ ಅನ್ನದ ಮುಂದೆ ಕೂತಿದ್ದರು.

“ಸಾರು ಎಲ್ಲಿ?”

“ಇಪ್ಪತ್ತು ಜನ ಬಡಿಸ್ತಿದ್ದಾರೆ, ಗುರುಗಳೇ.”

“ಎಷ್ಟು ಜನ ಅಂತ ನಾನು ಕೇಳಲಿಲ್ಲಪ್ಪ.”

ಅಮೃತೇಶ ಬೆವರು ಒರೆಸಿಕೊಂಡ. ಹನ್ನೆರಡು ಜನರನ್ನು ತೋಳು ಹಿಡಿದು ಆಚೆ ಕಳಿಸಿದ. ಸಾರಿನ ಬಕೆಟ್ಟನ್ನು ತಾನೇ ಎತ್ತಿಕೊಂಡ. ಕೂತವರಲ್ಲಿ ಒಬ್ಬರು ಮೊಣಕಾಲು ಮಡಿಸಿದರು, ಅವನು ಒಂದು ಹೆಜ್ಜೆ ಇಟ್ಟ. ಪಕ್ಕದವರು ಕೊಂಚ ವಾಲಿದರು, ಇನ್ನೊಂದು ಹೆಜ್ಜೆ. ಹಾಗೇ ದಾಟಿಕೊಂಡು ಹೋಗಿ ಗುರುಗಳ ಎಲೆಗೆ ಸಾರು ಬಡಿಸಿದ.

ಬಡಿಸಿದವನು ಸೌಟು ಹಿಡಿದು ಅಲ್ಲೇ ನಿಂತ.

“ಗುರುಗಳೇ, ನನ್ನ ಹಾಳೆಯಲ್ಲೂ ಹೀಗೇ ಆಗಿದೆ, ಉಪ್ಪು ಅತಿಯಾಗಿ ಅಯಾನುಗಳು ಒಂದಕ್ಕೊಂದು ಅಂಟಿಕೊಂಡಿವೆ. ಹಾಳೆಯೂ ಬಿಗಿದುಕೊಂಡಿದೆ, ಈ ಕೂತವರು ಬಿಟ್ಟ ಹಾಗೆ ದಾರಿ ಬಿಡಲು ಅಲುಗಾಡೋದೇ ಇಲ್ಲ. ಇವತ್ತೇ ಸರಿಮಾಡ್ತೀನಿ. ನನ್ನನ್ನ ಊರಿಗೆ ಕಳಿಸಬೇಡಿ.” ಅವನ ಕಣ್ಣು ತುಂಬಿತ್ತು.

ಗುರುಗಳು ಅನ್ನ ಕಲಸಿದರು.

“ಇರು, ಯಾರು ಬೇಡ ಅಂದರು? ಆದರೆ ದಾರಿಯಲ್ಲಿ ನಿಲ್ಲಬೇಡ. ನಿನ್ನ ಹಿಂದೆ ಮಜ್ಜಿಗೆಯವನು ಕಾಯ್ತಿದ್ದಾನೆ.”