ಹಿಮ್ಮುಖವಾಗಿ ಗುಡ್ಡ ಹತ್ತಿದ ದಸ್ತಗೀರಸಾಬ

ಗುಡ್ಡ ಹತ್ತುವ ಈ ದಾರಿ ಡಾಂಬರಿನ ಮುಖ ಕಾಣುವುದಕ್ಕೂ ಎಷ್ಟೋ ಮುಂಚೆ, ಗುಡ್ಡದ ಕೆಳಗಿನ ಹಿರೇಕೊಪ್ಪದಲ್ಲಿ ದಸ್ತಗೀರಸಾಬ ಎಂಬ ಡ್ರೈವರ್ ಇದ್ದನಂತೆ. ಅವನ ಹತ್ತಿರ ಒಂದು ಪುಟ್ಟ ಕಾರಿತ್ತಂತೆ. ನಕ್ಷೆ ಇಟಲಿಯದು, ಕಬ್ಬಿಣ ನಮ್ಮದು. ಬಡವರೂ ಕಾರು ಹತ್ತಲಿ ಎಂದು ಆ ದೇಶದವರು ಅದನ್ನು ಸಣ್ಣದಾಗಿ ಮಾಡಿದರಂತೆ. ಅವರ ಲೈಸೆನ್ಸು ತಂದು ನಮ್ಮವರು ಮುಂಬೈಯಲ್ಲಿ ಕಟ್ಟಿದರಂತೆ. ಅಲ್ಲಿ ನಾಲ್ಕು ಜನ ಕೂರುವ ಕಾರಿನಲ್ಲಿ ನಮ್ಮವರು ಎಂಟು ಜನ, ಜೊತೆಗೊಂದು ಆಡು. ಇಷ್ಟಾದ ಮೇಲೆ ಊರ ಬಾಯಿ ಸುಮ್ಮನಿರುತ್ತದೆಯೇ? ಕೋಳಿಗೂಡು ಎಂದೇ ಕರೆದರು.

ಕೋಳಿಗೂಡು ಎಲ್ಲಿಗೆ ಬೇಕಾದರೂ ಹೋಗುತ್ತಿತ್ತು, ದವಾಖಾನೆಯ ಏರು ಒಂದನ್ನು ಬಿಟ್ಟು. ದವಾಖಾನೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪಾತಾಳ.

ಒಂದು ದಿನ ಶಂಕ್ರವ್ವ ಎಂಬ ಬಸುರಿಗೆ ನೋವು ಕಾಣಿಸಿತಂತೆ. ಕೂಸು ಅಡ್ಡ ತಿರುಗಿದೆ, ದವಾಖಾನೆ ಮುಟ್ಟದಿದ್ದರೆ ಎರಡೂ ಜೀವ ಉಳಿಯುವುದಿಲ್ಲ ಎಂದು ಸೂಲಗಿತ್ತಿ ಕೈಚೆಲ್ಲಿದಳಂತೆ. ದಸ್ತಗೀರಸಾಬ ಅವಳನ್ನೂ ಅವಳ ಅತ್ತೆ ನೀಲವ್ವನನ್ನೂ ಹಿಂದೆ ಕೂರಿಸಿಕೊಂಡು ಹೊರಟ. ಏರಿನ ಬುಡದಲ್ಲಿ ಕಾರು ನಿಂತಿತು. ಮತ್ತೆ ಚಾಲೂ ಮಾಡಿದ, ಮತ್ತೆ ನಿಂತಿತು. ಆಗ ಅವನು ಕಾರಿನ ಮುಖವನ್ನೇ ಊರ ಕಡೆಗೆ ತಿರುಗಿಸಿಬಿಟ್ಟನಂತೆ!

ನೀಲವ್ವ ಎದೆ ಎದೆ ಬಡಿದುಕೊಂಡಳು. "ಅಯ್ಯೋ ದಸ್ತಗೀರಾ, ಮನೀಗ್ ಹೊಂಟ್ಯೇನೋ? ನನ್ನ ಸೊಸಿ ಸಾಯ್ತಾಳೋ!"

"ಇಲ್ಲಬೇ ಯವ್ವಾ, ದವಾಖಾನಿಗೇ. ಇದರ ಕಸುವೆಲ್ಲಾ ಹಿಂದಕ್ಕ ಹೋಗೂದ್ರಾಗ ಐತಿ."

ರಿವರ್ಸ್ ಗೇರಿಗೆ ಎಳೆಯುವ ಶಕ್ತಿ ಹೆಚ್ಚು ಎಂದು ಅವನಿಗೆ ಮೊದಲೇ ಗೊತ್ತಿತ್ತಂತೆ. ಆದರೆ ಆ ಪಾತಾಳದ ಪಕ್ಕ ಹಿಮ್ಮುಖವಾಗಿ ಹತ್ತುವ ಎಂಟೆದೆ ಯಾರಿಗಿತ್ತು? ಅವನು ಹತ್ತಿದ. ಗೋಣು ಎಡಕ್ಕೆ ತಿರುಗಿಸಿ ಹತ್ತಿದ. ಕಲ್ಲು ಜಾರಿದರೂ ಹತ್ತಿದ, ಚಕ್ರ ಅಂಚಿಗೆ ಬಂದರೂ ಹತ್ತಿದ. ಬಂಡೆಗಳೇ ಸರಿದು ದಾರಿ ಬಿಟ್ಟವು ಎನ್ನುವವರೂ ಇದ್ದಾರೆ, ಅದು ಅವರವರ ನಂಬಿಕೆ. ನನಗಂತೂ ಹೇಳುವಾಗೆಲ್ಲ ಮೈ ಜುಮ್ಮೆನ್ನುತ್ತದೆ. ತಾಯಿಯೂ ಉಳಿದಳು, ಕೂಸೂ ಉಳಿಯಿತು. ದಸ್ತಗೀರಸಾಬನ ಗೋಣು ಮಾತ್ರ ಸಾಯುವವರೆಗೂ ಎಡಕ್ಕೇ ವಾಲಿಕೊಂಡಿತ್ತಂತೆ.

ಇವತ್ತಿಗೂ ಹಿರೇಕೊಪ್ಪದಲ್ಲಿ ಹೊಸ ಗಾಡಿ ಕೊಂಡವರು ಮೊದಲು ಅದನ್ನು ಹಿಮ್ಮುಖವಾಗಿಯೇ ದವಾಖಾನೆಯವರೆಗೆ ಹತ್ತಿಸುತ್ತಾರೆ. ಲಿಂಬೆಹಣ್ಣು, ಕುಂಕುಮ ಎಲ್ಲ ಆಮೇಲೆ. ಬೈಕಿಗೆ ರಿವರ್ಸ್ ಎಲ್ಲಿಂದ ಬರಬೇಕು? ಹುಡುಗರು ಬೆವರು ಸುರಿಸುತ್ತ ಹಿಂದಕ್ಕೆ ತಳ್ಳಿಕೊಂಡೇ ಏರುತ್ತಾರೆ. ಅವರನ್ನು ಕಂಡರೆ ಹೆರಿಗೆ ವಾರ್ಡಿನ ಬಾಣಂತಿಯರು ಕಿಟಕಿಗೆ ಬಂದು, ತಮ್ಮ ಕೂಸುಗಳನ್ನು ಎತ್ತಿ ತೋರಿಸುತ್ತಾರೆ.