ಕಡಲಾಮೆಯ ಗುರುತಿನ ಚೀಟಿ

ಮೊಟ್ಟೆಯಿಡಲು ತಾನು ಹುಟ್ಟಿದ ಮರಳಿಗೇ ಬಂದ ಮುದಿ ಕಡಲಾಮೆಯನ್ನು ದಡ ಕಾಯುವ ಏಡಿಯೊಂದು ತಡೆಯಿತು. ಆ ಏಡಿ ಯಾವುದೋ ಸತ್ತ ಶಂಖದ ಹುಳುವಿನ ಚಿಪ್ಪು ಹೊಕ್ಕು ಬದುಕಿತ್ತು.

“ಗುರುತಿನ ಚೀಟಿ ತೋರಿಸಜ್ಜಿ.”

“ಕಡಲೂ ಒಂದೇ, ದಡವೂ ಒಂದೇ. ಹುಟ್ಟಿದೂರಿಗೆ ಬರಲು ಎಂಥ ಚೀಟಿಯಪ್ಪ?”

“ಚೀಟಿಯಿಲ್ಲದೆ, ಬೆನ್ನ ಮೇಲಿನ ಚಿಪ್ಪು ನಿನ್ನದೇ ಎಂದು ನಂಬುವುದು ಹೇಗೆ?”

ಹೊಟ್ಟೆಯ ಭಾರ ಇನ್ನು ತಡೆಯುವಂತಿರಲಿಲ್ಲ. ಆಮೆಗೆ ಮೈಯೆಲ್ಲ ಉರಿಯಿತು. “ನನ್ನದು ನನ್ನ ಜೊತೆಗೇ ಬೆಳೆದದ್ದು, ಬೇಕಾದರೆ ಎಳೆದು ನೋಡು. ಆಮೇಲೆ ನಿನ್ನದನ್ನೂ ಎಳೆದು ನೋಡೋಣ.”

ಏಡಿ ಸರಕ್ಕನೆ ಒಳಗೆ ಮುದುಡಿತು. ಆಮೆ ಅದರೆದುರಿಗೇ ಮರಳು ತೋಡಿ, ನೂರು ಮೊಟ್ಟೆಯಿಟ್ಟು ಮುಚ್ಚಿತು.

“ಇವು ದೊಡ್ಡವಾಗಿ ತಿರುಗಿ ಬಂದಾಗ ಎಲ್ಲಿಯವೆಂದು ಕೇಳಬೇಡ. ಸಾಕ್ಷಿ ನೀನೇ,” ಎಂದು ಕಡಲಿಗಿಳಿಯಿತು.